ಹೃದಯದ ಪಾಠದ ದನಿಯಲ್ಲೇ ಈ ಪಾಠವೂ

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಸಿಬಿಝಡ್ ಟೀಚರ್. ಶಿರಾದಿಂದ ಹಿರಿಯೂರಿನ ಕಡೆ ಹೋಗುವ ದಾರಿಯ ಹೋಬಳಿ ಊರುಗಳಲ್ಲೇ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹೃದಯದ ಪಾಠಕ್ಕೆಂದು ಮಟನ್ ಅಂಗಡಿಯಿಂದ ಕುರಿಯ ಹೃದಯ ತರಿಸಿ, ಬ್ಲೇಡಿನಿಂದ ಸೀಳಿ, ನಾಲ್ಕು ಕೋಣೆಗಳನ್ನು ತೋರಿಸಿದ್ದೆ. ಹಿಂದಿನ ಬೆಂಚಿನವರೂ ಬಂದು ಮೇಜಿನ ಸುತ್ತ ಮುಗಿಬಿದ್ದಿದ್ದರು. ಎರಡು ತಿಂಗಳಾದ ಮೇಲೆ ಸಂತಾನೋತ್ಪತ್ತಿಯ ಪಾಠ ಬಂತು. ದಾಸವಾಳದ ಹೂವಿಗೆ ಮೂರು ಪೀರಿಯಡ್ ಕೊಟ್ಟೆ. ಮನುಷ್ಯರ ಭಾಗ ಬಂದಾಗ ಕುರ್ಚಿಯಲ್ಲಿ ಕೂತು, ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, ತಲೆಯೆತ್ತದೆ ಓದಿ ಮುಗಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಾಳಜಿಯಿಂದಲೇ ಕೇಳಿದಳು: "ಮಿಸ್, ಇವತ್ತು ಹುಷಾರಿಲ್ವಾ?"

ಅಂದು ಮಕ್ಕಳು ಕಲಿತದ್ದು ಒಂದೇ ಸಂಗತಿ. ಈ ವಿಷಯ ಬಂದಾಗ ದೊಡ್ಡವರ ದನಿ ಇಳಿಯುತ್ತದೆ. ಅದನ್ನು ತಿದ್ದಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಆ ವರ್ಷಗಳು ಕಲಿಸಿದ ಹತ್ತು ಪಾಠ ಇಲ್ಲಿವೆ.

1. ಮೊದಲು ಹೆಸರು, ಆಮೇಲೆ ಚಿತ್ರ

ನಮ್ಮ ಭಾಷೆಯಲ್ಲಿ ಈ ಅಂಗಗಳಿಗೆ ಮೂರು ಬಗೆಯ ಹೆಸರುಗಳಿವೆ. ಪುಸ್ತಕದಲ್ಲಿ ಇರುವುದು ಒಂದು, ಮನೆಯಲ್ಲಿ ಕೂಸುಗಳಿಗೆ ಹೇಳುವುದು ಒಂದು, ಬೀದಿ ಜಗಳದ ಬೈಗುಳದಲ್ಲಿ ಬರುವುದು ಇನ್ನೊಂದು. ಹದಿನೈದರ ಮಕ್ಕಳಿಗೆ ಎರಡನೆಯದು ಚಿಕ್ಕದಾಗಿರುತ್ತದೆ, ಮೊದಲನೆಯದು ಬಾಯಿಗೆ ಹತ್ತಿರುವುದಿಲ್ಲ. ಉಳಿಯುವುದು ಬೈಗುಳವೊಂದೇ. ಹಾಗಾಗಿ ಪಾಠದ ಮೊದಲ ಪೀರಿಯಡ್ಡಿನಲ್ಲಿ ನಾನು ಚಿತ್ರ ಬರೆಯುವುದಿಲ್ಲ, ಪದಗಳನ್ನು ಬರೆಯುತ್ತೇನೆ. ವೃಷಣ, ವೃಷಣ ಚೀಲ, ವೀರ್ಯನಾಳ, ಶಿಶ್ನ. ಅಂಡಾಶಯ, ಅಂಡನಾಳ, ಗರ್ಭಕೋಶ, ಯೋನಿ. ಇಡೀ ತರಗತಿ ಮಗ್ಗಿ ಹೇಳುವಂತೆ ಒಟ್ಟಿಗೆ ಹೇಳಬೇಕು. ಮೊದಲ ಸುತ್ತಿನಲ್ಲಿ ನಗು, ಎರಡನೆಯದರಲ್ಲಿ ಗುಸುಗುಸು. ಮೂರನೆಯದರ ಹೊತ್ತಿಗೆ ಅವು ಬರೀ ಪದಗಳಾಗಿರುತ್ತವೆ. ಇದು ಪರೀಕ್ಷೆಗಷ್ಟೇ ಅಲ್ಲ. ಕೆಳಹೊಟ್ಟೆಯಲ್ಲಿ ನೋವೆಂದು ಡಾಕ್ಟರ ಮುಂದೆ ನಿಂತ ಹುಡುಗನಿಗೆ "ಅಲ್ಲಿ" ಎನ್ನುವುದರ ಬದಲು "ವೃಷಣದಲ್ಲಿ" ಎನ್ನಲು ಬಂದರೆ ಚಿಕಿತ್ಸೆ ಅರ್ಧ ಗಂಟೆ ಮೊದಲು ಶುರುವಾಗುತ್ತದೆ. ವೃಷಣ ತಿರುಚಿಕೊಂಡ ನೋವಿನಲ್ಲಿ ಆ ಅರ್ಧ ಗಂಟೆಗೂ ಬೆಲೆಯಿದೆ.

2. ದಾಸವಾಳದಿಂದ ಹೊರಟು ಕೊಟ್ಟಿಗೆ ದಾಟಿ ಬನ್ನಿ

ಹೂವಿನಿಂದ ಶುರು ಮಾಡುವುದು ಸರಿ. ಅಂಡಾಶಯ ಎಂಬ ಪದ ಹೂವಿಗೂ ಮನುಷ್ಯರಿಗೂ ಒಂದೇ ಎಂದು ಗೊತ್ತಾದಾಗ ಮಕ್ಕಳ ಅರ್ಧ ಸಂಕೋಚ ಕರಗುತ್ತದೆ. ಹಳ್ಳಿಯ ಮಕ್ಕಳಿಗೆ ಇನ್ನೂ ಹತ್ತಿರದ ದಾರಿ ದನದ ಕೊಟ್ಟಿಗೆಯದು. ಹಸು ಬೆದೆಗೆ ಬಂದರೆ ಪಶು ಆಸ್ಪತ್ರೆಗೆ ಫೋನ್ ಮಾಡುವವರು, ಕರು ಹಾಕಿದ ಮೇಲೆ ಮಾಸು ಬಿತ್ತೋ ಇಲ್ಲವೋ ಎಂದು ಕಾಯುವವರು ಎಷ್ಟೋ ಸಲ ಇದೇ ಮಕ್ಕಳು. "ಇಂಜೆಕ್ಷನ್ ಮಾಡಿಸುವುದು" ಎಂದರೆ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟಿದ್ದ ಹೋರಿಯ ವೀರ್ಯಾಣುಗಳನ್ನು ಹಸುವಿನ ಗರ್ಭಕೋಶಕ್ಕೆ ಸೇರಿಸುವುದು ಎಂದು ವಿವರಿಸಿದರೆ, ವೀರ್ಯಾಣು ಅಂಡಾಣು ಸೇರುವ ನಿಶೇಚನದ ಪಾಠಕ್ಕೆ ದಾರಿ ಅಲ್ಲೇ ತೆರೆಯುತ್ತದೆ.

ಆದರೆ ಕೊಟ್ಟಿಗೆಯಲ್ಲೇ ಉಳಿದುಬಿಟ್ಟರೆ ತಪ್ಪು ಹುಟ್ಟುತ್ತದೆ. ಹಸುವಿನ ಬೆದೆಯನ್ನು ಮನುಷ್ಯರ ಮುಟ್ಟಿಗೆ ಸಮ ಎಂದುಕೊಂಡ ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ಎರಡೂ ಬೇರೆ. ಬೆದೆ ಎಂದರೆ ಅಂಡಾಣು ಹೊರಬೀಳುವ ಹೊತ್ತು. ಮುಟ್ಟು ಎಂದರೆ ಆ ತಿಂಗಳ ಅಂಡಾಣು ಫಲಿತವಾಗಲಿಲ್ಲ ಎಂಬುದರ ಗುರುತು. ಚಕ್ರದಲ್ಲಿ ಒಂದು ಈ ತುದಿ, ಇನ್ನೊಂದು ಆ ತುದಿ.

3. ಮಕ್ಕಳು ಚಿತ್ರದಲ್ಲಿ ಎಲ್ಲಿ ತಪ್ಪುತ್ತಾರೋ ಅಲ್ಲಿ ನಿಂತುಕೊಳ್ಳಿ

ವರ್ಷ ವರ್ಷವೂ ಅದೇ ಮೂರು ತಪ್ಪು. ಮೊದಲನೆಯದು, ಅಂಡನಾಳವನ್ನು ಅಂಡಾಶಯಕ್ಕೆ ಅಂಟಿಸಿ ಬರೆಯುವುದು. ಅದು ಅಂಟಿಕೊಂಡಿರುವುದಿಲ್ಲ, ನಾಳದ ತುದಿ ಬೆರಳು ಬಿಡಿಸಿದ ಅಂಗೈಯಂತೆ ಅಂಡಾಶಯದ ಬಳಿ ಬಾಗಿರುತ್ತದೆ, ಹೊರಬಿದ್ದ ಅಂಡಾಣುವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಎರಡನೆಯದು, ನಿಶೇಚನ ಗರ್ಭಕೋಶದಲ್ಲಿ ಆಗುತ್ತದೆ ಎಂಬುದು. ಆಗುವುದು ಅಂಡನಾಳದಲ್ಲಿ. ವೀರ್ಯಾಣು ಮತ್ತು ಅಂಡಾಣು ಅಲ್ಲಿ ಸೇರಿ ಯುಗ್ಮಜವಾಗಿ, ಎರಡು, ನಾಲ್ಕು, ಎಂಟು ಎಂದು ಒಡೆಯುತ್ತಾ ಗರ್ಭಕೋಶಕ್ಕೆ ಇಳಿದು, ಸುಮಾರು ಒಂದು ವಾರದ ಹೊತ್ತಿಗೆ ಅದರ ಗೋಡೆಯಲ್ಲಿ ನೆಲೆಯಾಗುತ್ತದೆ. ಮೂರನೆಯದು, ಹುಡುಗಿಯರೂ ಬರೆಯುವ ತಪ್ಪು: ಮೂತ್ರ ಮತ್ತು ಮುಟ್ಟಿನ ಸ್ರಾವ ಒಂದೇ ದಾರಿಯಲ್ಲಿ ಬರುತ್ತವೆ ಎಂಬುದು. ಗಂಡಸರಲ್ಲಿ ಮೂತ್ರಕ್ಕೂ ವೀರ್ಯಕ್ಕೂ ಹೊರದಾರಿ ಒಂದೇ. ಹೆಂಗಸರಲ್ಲಿ ಮೂತ್ರದ ದಾರಿಯೇ ಬೇರೆ, ಯೋನಿಯೇ ಬೇರೆ. ಇದನ್ನು ತಿದ್ದಿದ ದಿನ ಒಬ್ಬ ಹುಡುಗಿ ಪೀರಿಯಡ್ ಮುಗಿದ ಮೇಲೆ ಬಂದು, "ನಮ್ಮಮ್ಮಂಗೂ ಗೊತ್ತಿಲ್ಲ ಮಿಸ್, ಇವತ್ತು ಹೇಳ್ತೀನಿ" ಅಂದಳು.

ಅಳತೆ ಹೇಳುವಾಗ ನಮ್ಮ ಕಾಳು, ಹಣ್ಣುಗಳನ್ನೇ ಹಿಡಿಯಿರಿ. ಅಂಡಾಣು 0.1 ಮಿಲಿಮೀಟರ್, ಒಂದು ರಾಗಿ ಕಾಳಿನ ಅಗಲಕ್ಕೆ ಹತ್ತಾದರೂ ಸಾಲಾಗಿ ಕೂರುತ್ತವೆ. ಮನುಷ್ಯರ ದೇಹದ ಅತಿ ದೊಡ್ಡ ಜೀವಕೋಶ ಅದೇ. ವೀರ್ಯಾಣು ಬಾಲ ಸೇರಿ ಅದರ ಅರ್ಧದಷ್ಟು ಉದ್ದ. ಬಸುರಿಯಲ್ಲದವರ ಗರ್ಭಕೋಶ ಒಂದು ಸಣ್ಣ ಸೀಬೆಹಣ್ಣಿನಷ್ಟು. ವೃಷಣಗಳು ದೇಹದ ಹೊರಗೆ ಚೀಲದಲ್ಲಿ ಏಕಿವೆ ಎಂಬ ಪ್ರಶ್ನೆಗೆ ಉತ್ತರವೂ ಅಳತೆಯಲ್ಲೇ ಇದೆ: ವೀರ್ಯಾಣು ತಯಾರಾಗಲು ದೇಹಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಬಿಸಿ ಬೇಕು.

4. ಋತುಚಕ್ರಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು

ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಅಮ್ಮ ಹಾಕಿದ ಪುಟ್ಟ ಚುಕ್ಕೆ. ನಮ್ಮ ಮನೆಗಳ ಕ್ಯಾಲೆಂಡರಿನಲ್ಲಿ ಈ ಮೂರೂ ಇರುತ್ತವೆ. ಹಳೆಯ ಕ್ಯಾಲೆಂಡರಿನ ಎರಡು ಹಾಳೆಗಳನ್ನು ಬೋರ್ಡಿಗೆ ಅಂಟಿಸಿ ಬಣ್ಣದ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಸ್ರಾವ ಶುರುವಾದ ದಿನವೇ ಒಂದನೇ ದಿನ. 28 ದಿನ ಎಂಬುದು ಸರಾಸರಿಯಷ್ಟೇ. ದೊಡ್ಡವರಲ್ಲಿ 21ರಿಂದ 35 ದಿನದವರೆಗೂ ಸಹಜ, ಮೈನೆರೆದ ಮೊದಲ ಒಂದೆರಡು ವರ್ಷ ಇನ್ನೂ ಏರುಪೇರು. ಅಂಡಾಣು ಹೊರಬೀಳುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಿಂದಿನ ಮುಟ್ಟಿನಿಂದ ಎಣಿಸುವುದು ಗೈಡುಗಳಿಂದ ಬಂದ ಅಭ್ಯಾಸ. 35 ದಿನದ ಚಕ್ರ ಕೊಟ್ಟು ಲೆಕ್ಕ ಮಾಡಿಸಿ. 21ನೇ ದಿನ ಎಂದು ಬರೆದವರಿಗೆ ಪಾಠ ಅರ್ಥವಾಗಿದೆ.

"ಕೆಟ್ಟ ರಕ್ತ ಹೋಗುತ್ತದೆ" ಎಂಬ ಮಾತನ್ನು ಆ ಹೊತ್ತಿಗೇ ಎತ್ತಿಕೊಳ್ಳಬೇಕು. ಅದು ಕೆಟ್ಟದ್ದಲ್ಲ. ಮಗು ಬಂದರೆ ಇರಲಿ ಎಂದು ಗರ್ಭಕೋಶ ಹಾಸಿದ್ದ ಹಾಸಿಗೆ. ಯಾರೂ ಬರಲಿಲ್ಲ, ಮಡಚಿ ತೆಗೆಯುತ್ತಿದೆ. ಒಂದು ಸಲಕ್ಕೆ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 80 ಮಿಲಿಲೀಟರ್, ಹೋಟೆಲಿನ ಒಂದು ಚಿಕ್ಕ ಲೋಟ ಟೀಯಷ್ಟೂ ಇಲ್ಲ. ಆದರೂ ತಿಂಗಳು ತಿಂಗಳೂ ಹೋಗುವುದರಿಂದ ನೂರು ಮಿಲಿಲೀಟರ್ ರಕ್ತಕ್ಕೆ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕೆಳಗಿಳಿಯಬಾರದು. ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವ ಹುಡುಗಿಯರು ಈ ಲೆಕ್ಕ ಕೇಳಿದ ಮೇಲೆ ನುಂಗುತ್ತಾರೆ.

ನಮ್ಮ ಸೀಮೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರು, ಬಾಣಂತಿಯರು ಊರ ಹೊರಗಿರುವ ರೂಢಿ ಪೂರ್ತಿ ಹೋಗಿಲ್ಲ. ಆ ಹಟ್ಟಿಯ ಮಕ್ಕಳು ತರಗತಿಯಲ್ಲಿ ಕೂತಿರುತ್ತಾರೆ. ಅವರ ಮನೆಯವರನ್ನು ಹೀಯಾಳಿಸಿದರೆ ಆ ಮಕ್ಕಳು ಪಾಠಕ್ಕೇ ಕಿವಿ ಮುಚ್ಚಿಕೊಳ್ಳುತ್ತಾರೆ. ಹಾಸಿಗೆಯ ಕತೆ ಹೇಳಿ ಬಿಡಿ. ಅದನ್ನು ಹಟ್ಟಿಗೆ ಒಯ್ಯುವುದು ಅವರಿಗೆ ಗೊತ್ತು.

5. ಗಂಡುಮಕ್ಕಳನ್ನು ಆಟಕ್ಕೆ ಕಳಿಸಬೇಡಿ

ಮೊದಮೊದಲು ನಾನೂ ಕಳಿಸಿದವಳೇ. ಹುಡುಗಿಯರಿಗೆ ನಾನು, ಹುಡುಗರಿಗೆ ಪಿಇ ಮೇಷ್ಟ್ರು. ಮೇಷ್ಟ್ರು ವಾಲಿಬಾಲ್ ಕೊಟ್ಟು ಕೂತರು. ಆ ಬ್ಯಾಚಿನ ಹುಡುಗರು ಮೈದಾನದಲ್ಲಿ ನಿಂತು, ಕಿಟಕಿಯೊಳಗೆ ಏನೋ ಗುಟ್ಟು ನಡೆಯುತ್ತಿದೆ ಎಂದು ನಗುತ್ತಿದ್ದರು. ಈಗ ಎಲ್ಲರಿಗೂ ಒಟ್ಟಿಗೇ ಪಾಠ. ಬೇಕೆನ್ನುವವರಿಗೆ ಆಮೇಲೆ ಬೇರೆ ಬೇರೆ ಕೂತು ಮಾತು.

ಹುಡುಗರಿಗೂ ಹೆದರಿಕೆಗಳಿವೆ, ಕೇಳುವವರಿಲ್ಲ ಅಷ್ಟೆ. ದನಿ ಒಡೆಯುವುದು, ಎದೆಯಲ್ಲಿ ಸಣ್ಣ ಗಂಟಿನಂತೆ ಊದಿ ಕೆಲವು ತಿಂಗಳಲ್ಲಿ ಇಳಿಯುವುದು, ಒಬ್ಬನಿಗೆ ಹನ್ನೆರಡಕ್ಕೇ ಮೀಸೆ ಬಂದು ಇನ್ನೊಬ್ಬನಿಗೆ ಹದಿನಾರಾದರೂ ಬಾರದಿರುವುದು, ಎಲ್ಲವೂ ಟೆಸ್ಟೋಸ್ಟೆರಾನಿನಂಥ ಹಾರ್ಮೋನುಗಳ ಏರಿಳಿತದ್ದು. ನಿದ್ದೆಯಲ್ಲಿ ಆಗುವ ವೀರ್ಯಸ್ಖಲನವೂ ಹಾಗೆಯೇ, ರೋಗವಲ್ಲ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಎಂಬ ಲೆಕ್ಕ ಶರೀರಶಾಸ್ತ್ರದಲ್ಲಿ ಎಲ್ಲೂ ಇಲ್ಲ. ಪ್ರೌಢಾವಸ್ಥೆ ಶುರುವಾದ ಮೇಲೆ ವೃಷಣಗಳು ವೀರ್ಯಾಣುಗಳನ್ನು ಹಗಲಿರುಳು ತಯಾರಿಸುತ್ತಲೇ ಇರುತ್ತವೆ. ಒಂದು ತಂಡ ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಬೇಕು. ಇಷ್ಟನ್ನು ನಾವು ಹೇಳದಿದ್ದರೆ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ "ಗುಪ್ತರೋಗ"ದ ಚೀಟಿ ಹೇಳುತ್ತದೆ, ದುಡ್ಡನ್ನೂ ಕೇಳುತ್ತದೆ.

6. ಮೈನೆರೆಯುವುದು ಆರಂಭ, ಮುಕ್ತಾಯವಲ್ಲ

ದೊಡ್ಡವಳಾದಳು ಎಂದು ಆರತಿ ಮಾಡಿ, ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸುವುದು ಒಳ್ಳೆಯದೇ. ಆ ಮಾತನ್ನು ಅಕ್ಷರಶಃ ನಂಬುವುದು ಕೆಟ್ಟದ್ದು. ಮುಟ್ಟು ಶುರುವಾದ ಮೇಲೂ ಹುಡುಗಿಯ ಸೊಂಟದ ಮೂಳೆ ಕೆಲವು ವರ್ಷ ಬೆಳೆಯುತ್ತಿರುತ್ತದೆ. ಚಿಕ್ಕ ವಯಸ್ಸಿನ ಹೆರಿಗೆಯಲ್ಲಿ ತಾಯಿಗೂ ಮಗುವಿಗೂ ಅಪಾಯ ಹೆಚ್ಚು. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ಎಂಬುದು ಕಾನೂನು. ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು ಎಂದು ಕರ್ನಾಟಕ ತನ್ನದೇ ತಿದ್ದುಪಡಿ ತಂದಿದೆ. ಬೋರ್ಡಿನ ಮೂಲೆಯಲ್ಲಿ ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆ ಪಾಠ ಮುಗಿಯುವ ತನಕ ಅಳಿಸದೆ ಇರಲಿ.

7. ಎಲ್ಲರೂ ಹೊಕ್ಕುಳ ಮುಟ್ಟಿ ನೋಡಿಕೊಳ್ಳಲಿ

"ಇಲ್ಲಿರುವ ಎಲ್ಲರ ಮೈಮೇಲೂ ಇರುವ ಗಾಯದ ಗುರುತು ಯಾವುದು?" ಎಂದು ಕೇಳುತ್ತೇನೆ. ಉತ್ತರ ಹೊಕ್ಕುಳ. ಅಲ್ಲಿಂದ ಹೊಕ್ಕುಳಬಳ್ಳಿ, ಬಳ್ಳಿಯಿಂದ ಪ್ಲಾಸೆಂಟಾ. ಊರಿನ ಮಾತಲ್ಲಿ ಮಾಸು. ಹೆರಿಗೆಯ ಹೊತ್ತಿಗೆ ಸುಮಾರು ಅರ್ಧ ಕಿಲೋ ತೂಗುವ, ತಟ್ಟೆಯಾಕಾರದ ಅಂಗ. ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಇಲ್ಲ, ಎರಡು ರಕ್ತ ಬೆರೆಯುವುದಿಲ್ಲ. ನಡುವೆ ತೆಳುವಾದ ಪೊರೆಯಿದೆ. ಅದರ ಮೂಲಕ ಆಮ್ಲಜನಕ, ಗ್ಲುಕೋಸ್ ಈ ಕಡೆಯಿಂದ ಆ ಕಡೆಗೆ, ಮಗುವಿನ ತ್ಯಾಜ್ಯ ಆ ಕಡೆಯಿಂದ ಈ ಕಡೆಗೆ. ತಾಯಿಯ ರಕ್ತದ ಗುಂಪು ಒಂದು, ಮಗುವಿನದು ಇನ್ನೊಂದು ಆಗಿದ್ದರೂ ಸಾಮಾನ್ಯವಾಗಿ ತೊಂದರೆಯಾಗದಿರುವುದು ಇದರಿಂದಲೇ. ಹೆಂಡ, ಬೀಡಿಯ ನಿಕೋಟಿನ್ ಕೂಡ ಆ ಪೊರೆಯನ್ನು ದಾಟುತ್ತವೆ ಎಂಬುದನ್ನು ಮರೆಯದೆ ಹೇಳಿ.

ಆಶಾ ಕಾರ್ಯಕರ್ತೆಯನ್ನು ಒಂದು ದಿನ ಕರೆಸಿ ತಾಯಿ ಕಾರ್ಡ್ ತೋರಿಸುವುದು ನನ್ನ ರೂಢಿ. ಹೆರಿಗೆಯ ದಿನಾಂಕವನ್ನು ಮಕ್ಕಳೇ ಲೆಕ್ಕ ಹಾಕುತ್ತಾರೆ: ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ನಿಶೇಚನದಿಂದ ಎಣಿಸಿದರೆ ಸುಮಾರು 266.

8. ಬೀಜದಾಟ ಆಡಿಸಿ, ಮೋಸ ಆದರೂ ಆಗಲಿ

ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದಕ್ಕೆ ಎರಡು ಬಟ್ಟೆ ಚೀಲ ತರುತ್ತೇನೆ. ಬೀಜಗಳು ವರ್ಣತಂತುಗಳಿದ್ದಂತೆ. ತಾಯಿಯ ಚೀಲದಲ್ಲಿ ಎರಡು ಹುಣಸೆ ಬೀಜ, ಎರಡೂ ಎಕ್ಸ್. ತಂದೆಯ ಚೀಲದಲ್ಲಿ ಒಂದು ಎಕ್ಸ್, ಒಂದು ವೈ. ಮೊದಲ ಸಲ ವೈ ಎಂದು ಹೊಂಗೆ ಬೀಜ ಹಾಕಿದ್ದೆ. ಹುಡುಗರು ಬೆರಳಲ್ಲೇ ತಡವಿ ಗುರುತು ಹಿಡಿದು ಸಾಲಾಗಿ ಗಂಡು ಮಗುವನ್ನೇ ತೆಗೆದರು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ನೋಡುತ್ತಿದ್ದ ಜಾಲ ಬಯಲಾದ ಸುದ್ದಿ ಓದಿದಾಗ ಆ ಆಟ ನೆನಪಾಯಿತು. ನಡೆದದ್ದು ಅದೇ, ತಡವಿ ನೋಡುವುದು. ಈಗ ಎರಡೂ ಹುಣಸೆ ಬೀಜವೇ, ಒಂದಕ್ಕೆ ಸುಣ್ಣದ ಚುಕ್ಕೆ. ಆದರೆ ಹೊಂಗೆ ಬೀಜದ ಕತೆಯನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಲಿಂಗ ಪತ್ತೆಯನ್ನು ನಿಷೇಧಿಸಿದ ಕಾಯ್ದೆ 1994ರದು. ಆದರೂ 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ 948 ಹೆಣ್ಣು.

ಐವತ್ತು ಸಲ ಬೀಜ ತೆಗೆಸಿದರೆ ಲೆಕ್ಕ ಅರ್ಧಕ್ಕೆ ಹತ್ತಿರ ಬರುತ್ತದೆ. "ಮೂರು ಹೆಣ್ಣಾಯ್ತು, ಮುಂದಿನದು ಗಂಡೇ" ಎಂಬ ಮಾತಿಗೂ ಅಲ್ಲೇ ಉತ್ತರ: ಹಿಂದೆ ಬಂದ ಬೀಜ ಯಾವುದೆಂದು ಚೀಲಕ್ಕೆ ನೆನಪಿರುವುದಿಲ್ಲ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈಯುವವರಿಗೆ ಉತ್ತರ ತಂದೆಯ ಚೀಲದಲ್ಲಿದೆ. 1905ರಲ್ಲಿ ಹಿಟ್ಟಿನ ಹುಳುಗಳ ಜೀವಕೋಶಗಳನ್ನು ನೋಡಿ ಇದನ್ನು ತೋರಿಸಿಕೊಟ್ಟ ನೆಟ್ಟಿ ಸ್ಟೀವನ್ಸ್ ಒಬ್ಬ ಹೆಂಗಸು ಎಂಬುದನ್ನೂ ಸೇರಿಸಿ.

9. "ಆಪರೇಷನ್ ಯಾರಿಗೆ ಸುಲಭ?" ಎಂದು ಕೇಳಿ

ಗರ್ಭನಿರೋಧಕದ ಭಾಗವನ್ನು ಓಡಿಸಿಕೊಂಡು ಹೋಗುವವರೇ ಹೆಚ್ಚು. ನಾನು ಅದನ್ನು ಚಿತ್ರಕ್ಕೆ ಕಟ್ಟುತ್ತೇನೆ. ಅಡೆತಡೆ ಎಲ್ಲಿ, ಮಾತ್ರೆ ಯಾವ ಹಂತದಲ್ಲಿ, ಕಾಪರ್-ಟಿ ಎಲ್ಲಿ, ಕತ್ತರಿಸುವುದು ಯಾವ ನಾಳ ಎಂದು ಮಕ್ಕಳೇ ಗುರುತಿಸಬೇಕು. ಸೋಂಕನ್ನೂ ತಡೆಯುವುದು ಇವುಗಳಲ್ಲಿ ಕಾಂಡೋಮ್ ಮಾತ್ರ. ಆಮೇಲೆ ಪ್ರಶ್ನೆ: ಹೊಟ್ಟೆಯೊಳಗಿನ ಅಂಡನಾಳ ಕಟ್ಟುವುದು ಸುಲಭವೋ, ಚರ್ಮದ ಕೆಳಗೇ ಸಿಗುವ ವೀರ್ಯನಾಳ ಕಟ್ಟುವುದು ಸುಲಭವೋ? ಎಲ್ಲರೂ ವೀರ್ಯನಾಳ ಎನ್ನುತ್ತಾರೆ. ಊರಲ್ಲಿ ಆಪರೇಷನ್ ಯಾರಿಗೆ ಮಾಡಿಸುತ್ತಾರೆ? ಹೆಂಗಸರಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ದಂಪತಿಗಳಲ್ಲಿ ಸ್ತ್ರೀ ಸಂತಾನಹರಣ ಚಿಕಿತ್ಸೆ ಶೇ. 37.9, ಪುರುಷರದು ಶೇ. 0.3. ಅಂಕಿ ಬರೆದು ಸುಮ್ಮನಾಗುತ್ತೇನೆ. ಮುಂದಿನ ಚರ್ಚೆ ಅವರದೇ.

10. ಚೀಟಿ ಡಬ್ಬದ ಪ್ರಶ್ನೆಗಳನ್ನು ಮೂರು ರಾಶಿ ಮಾಡಿ, ಮನೆಯವರಿಗೆ ಮೊದಲೇ ಹೇಳಿ

ಹೆಸರು ಬರೆಯದ ಚೀಟಿಗಳಿಗೆ ಒಂದು ಡಬ್ಬ ಇಡಿ. ಎಲ್ಲರೂ ಹಾಕಬೇಕು, ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಹಾಕಲಿ. ಬಂದವು ಮೂರು ರಾಶಿಯಾಗುತ್ತವೆ. ವಿಜ್ಞಾನದ ಪ್ರಶ್ನೆಗೆ ತರಗತಿಯಲ್ಲೇ ಉತ್ತರ. ಗೊತ್ತಿಲ್ಲದಿದ್ದರೆ "ನಾಳೆ ಓದಿಕೊಂಡು ಬರುತ್ತೇನೆ". ಹೆದರಿಕೆಯ ಪ್ರಶ್ನೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಿರುವ ಸ್ನೇಹ ಕ್ಲಿನಿಕ್ಕಿನ ದಾರಿ ತೋರಿಸುವುದು. ಮೂರನೆಯದು ಪ್ರಶ್ನೆಯೇ ಅಲ್ಲ, ಸಹಾಯದ ಕೂಗು. "ಮನೆಗೆ ಬರೋ ಒಬ್ಬರು ಮುಟ್ಟೋದು ಇಷ್ಟ ಇಲ್ಲ ಮಿಸ್" ಎಂಬ ಚೀಟಿ ಬಂದರೆ ಅದು ಪಾಠಕ್ಕಿಂತ ದೊಡ್ಡದು. 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ತಿಳಿಸಬೇಕಾದ್ದು ನಮ್ಮ ಹೊಣೆ. ಎಲ್ಲವನ್ನೂ ಗುಟ್ಟಾಗಿ ಇಡುತ್ತೇನೆಂದು ಮಕ್ಕಳಿಗೆ ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ" ಎನ್ನಿ.

ಒಮ್ಮೆ ಒಬ್ಬ ಅಪ್ಪ ನೋಟ್‌ಬುಕ್ ಹಿಡಿದು ಜಗಳಕ್ಕೇ ಬಂದರು. ಪಠ್ಯಪುಸ್ತಕ ತೆರೆದು ಅದೇ ಚಿತ್ರ ತೋರಿಸಿದೆ. "ಪುಸ್ತಕದಲ್ಲೇ ಇದ್ಯಾ ಮೇಡಂ?" ಎಂದು ಕೂತು ಟೀ ಕುಡಿದು ಹೋದರು. ಅಂದಿನಿಂದ ಪಾಠಕ್ಕೆ ಮೊದಲೇ ಪೋಷಕರ ಸಭೆಯಲ್ಲಿ ಪುಟ ತೆಗೆದು ತೋರಿಸುತ್ತೇನೆ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಜನನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು ಎಂದು ಅಲ್ಲಿ ಹೇಳುತ್ತೇನೆ. ಅದೇ ನಾಡು 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆಹಿಡಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಕೆಲವರು ನಿಟ್ಟುಸಿರು ಬಿಟ್ಟಿದ್ದರು. ವಿಜ್ಞಾನ ಪುಸ್ತಕದ ಅಧ್ಯಾಯ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದನ್ನು ಕಲಿಸುವ ಕೆಲಸವೂ ಹೋಗಲಿಲ್ಲ.

ಹೊಸದಾಗಿ ಸೇರಿದ ಟೀಚರುಗಳಿಗೆ ನಾನು ಕೇಳಿಕೊಳ್ಳುವುದು ಇಷ್ಟು. ಆ ಪಾಠದ ಹಿಂದಿನ ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಖಾಲಿ ಕೊಠಡಿಯಲ್ಲಿ ಬೋರ್ಡಿನ ಮುಂದೆ ನಿಲ್ಲಿ. ಮೊದಲ ಪಾಠದ ಆ ಎಂಟು ಪದಗಳನ್ನು ಹಿಂದಿನ ಬೆಂಚಿಗೆ ಕೇಳಿಸುವಂತೆ ಹೇಳಿ. ನಾಲಿಗೆ ಯಾವ ಪದದಲ್ಲಿ ಎಡವಿತೋ ಅದನ್ನು ಇನ್ನೂ ಹತ್ತು ಸಲ ಹೇಳಿ, ಆಮೇಲೆ ಮನೆಗೆ ಹೋಗಿ.